ಉಡಿಯಲ್ಲಿ ಹಾಕಿದ ಇಸಾರ

ಮಹಾಲಿಂಗಪುರ
೨೦ ನವೆಂಬರ್ ೨೦೨೫, ಗುರುವಾರ

ಸೌ. ರಾಜಶ್ರೀಗೆ,

ನಿನ್ನ ಅತ್ತೆಯ ಆಶೀರ್ವಾದ. ಬೇಕೆನಿಸಿದರೆ ಇಟ್ಟುಕೊ, ಬೇಡವಾದರೆ ಬಿಡು. ಕೊಡುವುದು ನನ್ನ ರೀತಿ, ಕೊಟ್ಟಿದ್ದೇನೆ.

ನಾನು ಯಾರೆಂದು ನಿನಗೆ ಗೊತ್ತಿದೆ. ಆದರೂ ಮೊದಲು ಅದನ್ನೇ ಬರೆಯುತ್ತೇನೆ, ಯಾಕೆಂದರೆ ನೀನು ಅದನ್ನು ಮರೆತು ನಡೆದಿದ್ದೀ. ನಾನು ಇಂದ್ರವ್ವ. ಬೆಲ್ಲದ ಪೇಟೆಯಲ್ಲಿ ದಲಾಲಿ ಅಂಗಡಿ ನಡೆಸಿದ ಚನಮಲ್ಲಪ್ಪ ಸಾಹುಕಾರರ ಹೆಂಡತಿ. ಜಮಖಂಡಿಯಲ್ಲಿ ಮ್ಯಾಟ್ರಿಕ್ ಪಾಸಾದವಳು. ಸಾಹುಕಾರರು ತೀರಿಕೊಂಡ ಮೇಲೆ, ಆ ಗಾದಿಯ ಮೇಲೆ ಹೆಂಗಸು ಕೂತರೆ ರೈತರು ಗಾಡಿ ಹೊರಳಿಸಿಕೊಂಡು ಹೋಗುತ್ತಾರೆ ಎಂದು ಪೇಟೆ ನಕ್ಕಿತು. ನಾನು ಕೂತೆ. ಗಾಡಿ ಒಂದೂ ಹೊರಳಲಿಲ್ಲ. ಇವತ್ತಿಗೂ ಲಿಲಾವಿನ ಕೂಗಿನಲ್ಲಿ ನಾನು ತಲೆ ಆಡಿಸುವವರೆಗೆ ನಮ್ಮ ಕಟ್ಟೆಯ ಮೇಲಿನ ಬೆಲ್ಲವನ್ನು ಯಾರೂ ಮುಟ್ಟುವುದಿಲ್ಲ. ಮುಧೋಳ, ಬನಹಟ್ಟಿ, ತೇರದಾಳದ ವ್ಯಾಪಾರಿಗಳು ನನ್ನನ್ನು ಕರೆಯುವುದು ಹೆಸರಿನಿಂದಲ್ಲ, 'ಅವ್ವಾರು' ಎಂದು. ನೀನು ಹಾಗೆ ಕರೆದದ್ದು ನನಗೆ ನೆನಪಿಲ್ಲ.

ನಿನ್ನ ಕಥೆ ಕೊಂಡ ಬನಹಟ್ಟಿಯ ವಿಜಯನಿಗೆ ನೀನು ಮೇಲಿಂದ ಮೇಲೆ ಫೋನು ಮಾಡುತ್ತಿದ್ದೀಯಂತೆ. ಸಿನಿಮಾ ಯಾವಾಗ ಶುರು, ನಾನು ಯಾವಾಗ ಬರಲಿ, ಎರಡನೇ ಸಲ ತಿದ್ದಿ ಬರೆಯುವುದು ಬೇಡವೇ ಎಂದು ಕೇಳುತ್ತೀಯಂತೆ. ಅವನು ಫೋನು ಎತ್ತುವುದಿಲ್ಲ. ಎತ್ತಬಾರದೆಂದು ಹೇಳಿದವಳು ನಾನು. ಅವನ ಬದಲು ನಾನೇ ಉತ್ತರ ಕೊಡುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀ, ನಾನು ಕೇಳಿಸಿಕೊಳ್ಳಬೇಕಾಗುತ್ತದೆ. ಕಾಗದದಲ್ಲಿ ಆ ತೊಂದರೆ ಇಲ್ಲ. ಬೀಳಗಿಯಲ್ಲಿ ನಿನ್ನ ಅಣ್ಣನ ಮನೆಯ ಮಾಳಿಗೆ ಖಾಲಿ ಇರುತ್ತದಲ್ಲ, ಅಲ್ಲಿ ಕೂತು ಓದು.

ನಿನ್ನ 'ಆರನೇ ತಾಟು' ಎಂಬ ಚಿತ್ರಕಥೆಯನ್ನು ನಾನು ಓದಿಲ್ಲ ಎಂದು ನೀನು ತಿಳಿದಿದ್ದೀ. ಓದಿದ್ದೇನೆ. ವಿಜಯ ನಮ್ಮ ಬಾಗಿಲಿಗೆ ಬರುವುದಕ್ಕೂ ಮೊದಲೇ ಓದಿದ್ದೇನೆ.

ತಂದುಕೊಟ್ಟವನು ಗೌರೀಶ. ನಿನ್ನ ಗಂಡನೇ. ಅಂಗಡಿಯ ಪ್ರಿಂಟರಿನಲ್ಲಿ ಪೂರ್ತಿ ತೆಗೆಸಿಕೊಂಡು ಬಂದು, ಗಾದಿಯ ಮೇಲೆ ನನ್ನ ಮುಂದೆ ಇಟ್ಟು, ಮುಖ ಉಬ್ಬಿಸಿಕೊಂಡು ನಿಂತ.

"ಅವ್ವಾ, ಆಕಿ ನಿನ್ನ ಮ್ಯಾಲೆ ಬರದಾಳ" ಎಂದ.

"ನಿನ್ನ ಮ್ಯಾಲೆ ಏನ್ ಬರದಾಳ?" ಎಂದೆ.

"ನನ್ನ ಬಗ್ಗೆ ಏನೂ ಇಲ್ಲ. ಇಡೀ ಪಿಕ್ಚರದಾಗ ಗಂಡಂದು ಒಂದ ಮಾತು. 'ಉಪ್ಪು ಕಡಿಮಿ ಆಗೈತಿ' ಅಂತ."

"ಹಂಗಾರ ಖರೇನ ಬರದಾಳ ತಗೋ" ಎಂದು ಹೇಳಿ ಕನ್ನಡಕ ಹಾಕಿಕೊಂಡೆ.

ಪ್ರತಿ ದೃಶ್ಯದ ತಲೆಯ ಮೇಲೆ 'ಒಳಗೆ, ಅಡುಗೆಮನೆ, ಹಗಲು' ಎಂದು ಬರೆದಿದ್ದೀ. ಮೊದಲು ನನಗೆ ಅದು ತಿಳಿಯಲಿಲ್ಲ. ನಾಲ್ಕು ಪುಟ ಹೋದ ಮೇಲೆ ಕ್ಯಾಮೆರಾ ಎಲ್ಲಿ ನಿಲ್ಲುತ್ತದೆಂದು ಗೊತ್ತಾಯಿತು. ಆಮೇಲೆ ಅದು ಯಾರ ಅಡುಗೆಮನೆ ಎಂದೂ ಗೊತ್ತಾಯಿತು. ಮನೆಯಲ್ಲಿ ಐದು ತಾಟು. ಎಲ್ಲರೂ ಉಂಡು ಎದ್ದ ಮೇಲೆ ಸೊಸೆ ಹಿಟ್ಟು ನಾದಿದ ಪರಾತದಲ್ಲೇ ರೊಟ್ಟಿ ಮುರಿದು ಉಣ್ಣುತ್ತಾಳೆ. ಆರನೇ ತಾಟು ಕಪಾಟಿನಲ್ಲಿ ಇರುತ್ತದೆ, ಬೀಗರು ಬಂದಾಗ ಮಾತ್ರ ಹೊರಗೆ ಬರುತ್ತದೆ. ಅತ್ತೆ ಬೈಯುವುದಿಲ್ಲ, ಹೊಡೆಯುವುದಿಲ್ಲ. ತಾಟು ಎಣಿಸಿ ಇಡುತ್ತಾಳೆ, ಅಷ್ಟೇ.

ಅದರಲ್ಲಿ ಸುಳ್ಳು ಒಂದೂ ಇಲ್ಲ. ನಾನು ಸೊಸೆಯಾಗಿ ಬಂದಾಗ ನಾನೂ ಪರಾತದಲ್ಲೇ ಉಂಡೆ. ಅದನ್ನು ಕಥೆ ಮಾಡಬಹುದು ಎಂದು ನನಗೆ ಹೊಳೆಯಲಿಲ್ಲ, ಏಕೆಂದರೆ ನನಗೆ ಮಾಡಲು ಬೇರೆ ಕೆಲಸ ಇತ್ತು.

ನೀನು ಅದನ್ನು ಮಾರಲು ಹೊರಟ ರೀತಿಯ ಬಗ್ಗೆ ಒಂದು ಮಾತು ಹೇಳಬೇಕು. ನಾನು ಮಾರುವವರ ನಡುವೆಯೇ ಮುದುಕಿಯಾದವಳು. ಮೊದಲ ಸಲ ಗಾಡಿ ಹೇರಿಕೊಂಡು ಬಂದ ರೈತನೂ ನಿನಗಿಂತ ಬುದ್ಧಿವಂತಿಕೆಯಿಂದ ಮಾರುತ್ತಾನೆ.

ಶುರುವಿನಲ್ಲಿ ನೀನು ಸರಿಯಾಗಿಯೇ ಇದ್ದೆ. ಮಧ್ಯಾಹ್ನ ಮನೆ ಮಲಗಿದಾಗ ಮೊಬೈಲಿನಲ್ಲಿ ಯಾವುದೋ ಚಿತ್ರಕಥೆಯ ತರಗತಿ ನೋಡಿ ಕಲಿತೆ. ಬರೆದು ಮುಗಿಸಿದ ಕೂಡಲೇ ಬರಹಗಾರರ ಸಂಘದಲ್ಲಿ ನೋಂದಾಯಿಸಿದೆ, ಇದು ಇಂಥ ದಿನ ನನ್ನ ಕೈಯಲ್ಲಿ ಇತ್ತು ಎಂಬುದಕ್ಕೆ ಪುರಾವೆ ಇರಲಿ ಎಂದು. ಪೂರ್ತಿ ಕಥೆ ಯಾವ ನಿರ್ಮಾಪಕನಿಗೂ ಕೊಡದೆ ಒಂದು ಪುಟದ ಸಾರಾಂಶ ಮಾತ್ರ ಕಳಿಸಿದೆ. ಇದು ಪೇಟೆಯ ರೀತಿಯೇ. ನಾವೂ ಒಂದೇ ಬೆಲ್ಲದ ಪೆಂಟಿ ಒಡೆದು ಬಣ್ಣ ತೋರಿಸುತ್ತೇವೆ, ಗಾಡಿ ಸುರಿಯುವುದಿಲ್ಲ. ಆದರೆ ಯಾರಾದರೂ 'ಬಾ, ಕಥೆ ಹೇಳು' ಎಂದರೆ ಸಾಕು, ನಿನಗೆ ತಡೆಯಲು ಆಗುತ್ತಿರಲಿಲ್ಲ. ಹುಬ್ಬಳ್ಳಿಗೆ ಹೋಗಿ ಹೇಳಿದೆ. ಬೆಂಗಳೂರಿಗೆ ಹೋಗಿ, ಹೋಟೆಲಿನ ಕೆಳಗೆ ಅರ್ಧ ದಿನ ಕೂತು, ಒಬ್ಬ ನಿರ್ಮಾಪಕನಿಗೆ ಹೇಳಿದೆ. ನೀನು ಅರ್ಧ ಹೇಳುವಷ್ಟರಲ್ಲಿ ಅವನು ಕೇಳಿದನಂತೆ: "ಮುಧೋಳ್ ಕಡೆಯವ್ರಾ ಮೇಡಮ್? ನಾಯಿ ಕಥೆ ಇದ್ರೆ ಹೇಳಿ. ಓಡತ್ತೆ." ಇನ್ನೊಬ್ಬ ಹೀರೋ ಎಲ್ಲಿ ಬರುತ್ತಾನೆ ಎಂದ. ಮತ್ತೊಬ್ಬ, ಸೊಸೆ ಕಡೆಗೆ ವಿಷ ಹಾಕುತ್ತಾಳಾ ಎಂದು ಕೇಳಿದ. ಇದೆಲ್ಲ ನೀನು ಗೌರೀಶನ ಮುಂದೆ ಹೇಳಿಕೊಂಡು ಕಣ್ಣೀರು ಹಾಕಿದೆ. ಅವನು ನನ್ನ ಮುಂದೆ ಹೇಳಿಕೊಂಡು ನಕ್ಕ.

ಹೀಗೆ ಸಾರಿಸಾರಿ ಹೇಳುತ್ತಾ ಹೋದರೆ ಒಂದು ದಿನ ಯಾರಾದರೂ ಕೊಳ್ಳುತ್ತಾರೆ ಎಂದು ನನಗೆ ಅನಿಸಿತು. ಕೆಟ್ಟ ಮಾಲಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಕೆಟ್ಟ ಮಾಲಲ್ಲ. ಅದಕ್ಕೇ ನಾನು ಕೊಂಡೆ.

ಹೌದು. ಕೊಂಡವನು ವಿಜಯನಲ್ಲ, ನಾನು. ಅವನು ಬನಹಟ್ಟಿಯಲ್ಲಿ ಮಗ್ಗ ಮಾರಿ ಮದುವೆಯ ವಿಡಿಯೋ, ಜಾಹೀರಾತು ಎಂದು ತಿರುಗುತ್ತಿದ್ದ ಹುಡುಗ. ಅವನ ತಂದೆಗೆ ನಮ್ಮ ಅಂಗಡಿಯ ನೆರಳು ಇತ್ತು. ಕರೆಸಿ, "ನೀ ಪಿಕ್ಚರ್ ತಗೀತಿಯೇನಪಾ?" ಎಂದೆ. "ಅವ್ವಾರು ಹೇಳಿದ್ರ ತಗೀತೇನ್ರಿ" ಎಂದ. ನನ್ನ ಹೆಸರು ಎಲ್ಲಿಯೂ ಬರಬಾರದು ಎಂದು ಹೇಳಿದೆ. ಪೇಟೆಯಲ್ಲಿ ದೊಡ್ಡ ವ್ಯಾಪಾರಿ ತಾನೇ ಕೂಗುವುದಿಲ್ಲ, ಬೇರೆಯವನ ಬಾಯಿಂದ ಕೂಗಿಸುತ್ತಾನೆ. ಇದರಲ್ಲಿ ಮೋಸ ಏನೂ ಇಲ್ಲ.

ಇಸಾರ ಹೇಗೆ ಕೊಡಬೇಕೆಂದು ಹೇಳಿಕೊಟ್ಟವಳೂ ನಾನೇ. ಮಾತು ಪಕ್ಕಾ ಆಗಲೆಂದು ಮುಂಗಡ ಕೈಗೆ ಕೊಟ್ಟರೆ ನೀನು ಓದಿದವಳು, ನಾಳೆ ಮನಸ್ಸು ತಿರುಗಿದರೆ ತಿರುಗಿ ಕೊಡುತ್ತೀ ಎಂದು ನನಗೆ ಗೊತ್ತಿತ್ತು. ಆದ್ದರಿಂದ, "ಹೆಂಡತೀನ ಕರಕೊಂಡು ಹೋಗು. ಕುಂಕುಮ ಹಚ್ಚಿ, ಕಾಯಿ, ಕುಪ್ಪಸದ ಕಣ, ಬೆಲ್ಲದ ಜೋಡಿ ಇಸಾರಾನೂ ಉಡ್ಯಾಗ ಹಾಕ್ಸು" ಎಂದೆ. ಹಾಗೆಯೇ ಆಯಿತು. ನೀನು ಸೆರಗು ಒಡ್ಡಿ ನಿಂತದ್ದನ್ನು ನಾನು ಜೋಕಾಲಿಯ ಮೇಲೆ ಕೂತು ನೋಡಿದೆ. ನಿನ್ನ ಮುಖದಲ್ಲಿ ಅಂಥ ಬೆಳಕನ್ನು ನಿನ್ನ ಮದುವೆಯ ದಿನವೂ ನಾನು ಕಂಡಿರಲಿಲ್ಲ. ಒಳಗೆ ಬಂದು ನನ್ನ ಕಾಲು ಮುಟ್ಟಿದೆ. ನಾನು ಆಶೀರ್ವಾದ ಮಾಡಿದೆ.

ಅದಾದ ವಾರದೊಳಗೆ ಬೆಂಗಳೂರಿನಿಂದ ಪ್ರಾಚಿಯ ಫೋನು ಬಂತು. ಅವಳು ತೇರದಾಳದ ಪದ್ಮರಾಜ ಸೇಟರ ಮಗಳು, ಅಲ್ಲಿ ನಾಲ್ಕು ಸಿನಿಮಾಕ್ಕೆ ಸಹಾಯಕಿಯಾಗಿ ದುಡಿದು ಈಗ ತನ್ನ ಮೊದಲ ಸಿನಿಮಾ ಮಾಡಲು ಕಥೆ ಹುಡುಕುತ್ತಿದ್ದಳು. ಯಾವುದೋ ಸ್ಪರ್ಧೆಗೆ ನೀನು ಕಳಿಸಿದ್ದನ್ನು ಓದಿ ಅವಳೇ ನಿನ್ನನ್ನು ಹುಡುಕಿದಳು. ಕಥೆ ಪೂರ್ತಿ ಮಾರುವುದು ಬೇಡ, ಒಂದು ವರ್ಷ ನನ್ನ ಹತ್ತಿರ ಕಾದಿರಿಸು, ಅಷ್ಟರೊಳಗೆ ನಿರ್ಮಾಪಕರು ಸಿಗದಿದ್ದರೆ ಕಥೆ ತಿರುಗಿ ನಿನ್ನದೇ ಆಗುತ್ತದೆ, ಸಿಕ್ಕರೆ ಪರದೆಯ ಮೇಲೆ ನಿನ್ನ ಹೆಸರು ಒಂದೇ ಬರುತ್ತದೆ, ಇಬ್ಬರೂ ಕೂತು ತಿದ್ದೋಣ ಎಂದಳು. ಹೊಸ ಬರಹಗಾರ್ತಿಗೆ ಇದಕ್ಕಿಂತ ಒಳ್ಳೆಯ ಸೌದಾ ಸಿಗುವುದಿಲ್ಲ. ಅದು ನನಗೂ ಗೊತ್ತಾಯಿತು, ನಿನಗೂ ಗೊತ್ತಾಯಿತು.

ಆಗ ನೀನು ಯಾರನ್ನು ಕೇಳಿದೆ? ವಕೀಲರನ್ನು ಕೇಳಲಿಲ್ಲ, ನಿನ್ನ ಅಣ್ಣನನ್ನು ಕೇಳಲಿಲ್ಲ. ನನ್ನ ಹತ್ತಿರ ಬಂದೆ. ನಾನು ಅವರೆಕಾಯಿ ಸುಲಿಯುತ್ತಿದ್ದೆ. ನೀನೂ ಕೂತು ಎರಡು ಕಾಯಿ ಸುಲಿದು, ನೆಲ ನೋಡಿಕೊಂಡು ಕೇಳಿದೆ:

"ಅತ್ತೀ, ಇಸಾರ ತಿರುಗಿ ಕೊಟ್ರ ನಡೀತೈತೇನ್ರಿ?"

"ಯಾಕವ್ವಾ, ಜಾಸ್ತಿ ಕೊಡಾವ್ರು ಬಂದಾರೇನು?"

"ಜಾಸ್ತಿ ಅಲ್ರಿ. ಛಲೋ ಮಂದಿ ಬಂದಾರ."

"ಉಡ್ಯಾಗ ಹಾಕಿಸ್ಕೊಂಡಿದ್ದನ್ನ ತಿರುಗಿ ಕೊಟ್ಟಾಕಿ ಈ ಮನ್ಯಾಗ ಹುಟ್ಟಿಲ್ಲ, ಹೊರಗಿಂದ ಬಂದಾವ್ರೊಳಗೂ ಒಬ್ಬಾಕಿ ಇಲ್ಲ. ನೀ ಮೊದಲನೇದಾಕಿ ಆಗ್ತಿದ್ರ ಆಗು. ನಿನ್ನ ಇಷ್ಟ."

ನೀನು ಉಳಿದ ಕಾಯಿಯನ್ನೆಲ್ಲ ಸುಲಿದು ಕೊಟ್ಟು ಎದ್ದು ಹೋದೆ. ಮರುದಿನ ಪ್ರಾಚಿಗೆ ಆಗುವುದಿಲ್ಲ ಎಂದೆಯಂತೆ. ಮನೆತನದ ಮಾತು ಉಳಿಸಿದೆ ಎಂದು ಆ ದಿನ ನಿನ್ನ ಬಗ್ಗೆ ನನಗೆ ಒಂದು ಕ್ಷಣ ಅಭಿಮಾನ ಬಂತು. ಬಂದದ್ದನ್ನು ಬರೆದಿದ್ದೇನೆ.

ಜಮಖಂಡಿಯಲ್ಲಿ ಕರಾರಿಗೆ ಸಹಿ ಮಾಡುವಾಗ ನೀನು ವಿಜಯನಿಗೆ ಕೇಳಿದ್ದು ಒಂದೇ ಪ್ರಶ್ನೆ: "ನನ್ನ ಹೆಸರು ಬರತೈತಲ್ರಿ?" ಅವನು, "ನಿಮ್ಮದಲ್ದ ಮತ್ಯಾರದು ಬರತೈತ್ರಿ ಅಕ್ಕಾರ" ಎಂದ. ನೀನು ಅವನ ಬಾಯಿ ನೋಡಿದೆ, ಕಾಗದ ನೋಡಲಿಲ್ಲ. ಕಥೆ, ಚಿತ್ರಕಥೆ, ಸಂಭಾಷಣೆ, ಪಾತ್ರಗಳು, ಶೀರ್ಷಿಕೆ ಎಲ್ಲ ಶಾಶ್ವತವಾಗಿ ಕೊಂಡವರದು, ಹೆಸರು ಹಾಕುವುದೂ ಬಿಡುವುದೂ ಅವರ ಇಷ್ಟ ಎಂದು ಅದರಲ್ಲಿ ಅಚ್ಚ ಕನ್ನಡದಲ್ಲಿ ಬರೆಸಿದ್ದೆ. ಇಂಗ್ಲಿಷಿನಲ್ಲಿ ಬರೆಸಿ ಮೋಸ ಮಾಡಿದರು ಎಂಬ ಮಾತು ನನಗೆ ಬೇಡವಾಗಿತ್ತು.

ಇದಾದ ಮೇಲೆ ನೀನು ಸಿನಿಮಾ ಶುರುವಾಗುವವರೆಗೆ ತವರಿನಲ್ಲಿ ಕೂತು ಇನ್ನೊಮ್ಮೆ ತಿದ್ದುತ್ತೇನೆ ಎಂದು ಬೀಳಗಿಗೆ ಹೋದೆ. ಹೋಗುವಾಗ ಗೌರೀಶನಿಗೆ, "ಇನ್ನ ಮ್ಯಾಲೆ ನನ್ನ ಹೆಸರು ಹಿಡದು ಮಂದಿ ಕೇಳಿಕೊಂಡು ಬರ್ತಾರ ನೋಡ್ರಿ" ಎಂದೆಯಂತೆ. ನಗುತ್ತಾ ಹೇಳಿದೆ ಎಂದ. ನನಗೆ ನಗು ಬರಲಿಲ್ಲ.

ಕೊಂಡಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಬೇರೆ. ಕಪಾಟಿನಲ್ಲಿ ಇಟ್ಟು ಕೀಲಿ ಹಾಕಬೇಕು, ಅದು ಅಲ್ಲಿಯೇ ಹುಳ ಹಿಡಿಯಬೇಕು ಎಂದುಕೊಂಡಿದ್ದೆ. ಆಮೇಲೆ ಮತ್ತೊಮ್ಮೆ ಓದಿದೆ. ಹುಳ ಹಿಡಿಯಲು ಬಿಡುವುದು ಹೆದರಿದವರ ಕೆಲಸ. ನಾನು ಯಾರಿಗೆ ಹೆದರಬೇಕು? ಈ ಮನೆಯಲ್ಲಿ ಎಷ್ಟು ತಾಟು ಇಡುತ್ತಿದ್ದರೆಂದು ಓಣಿಯ ಮುದುಕಿಯರಿಗೆಲ್ಲ ಗೊತ್ತಿದೆ. ಅವರ ಮನೆಯಲ್ಲಿಯೂ ಅಷ್ಟೇ ಇಡುತ್ತಿದ್ದರು. ನನಗೆ ಕಥೆಯ ಮೇಲೆ ಸಿಟ್ಟಿಲ್ಲ. ಅದನ್ನು ನೀನು ಹೇಳಿದೆ ಎಂಬುದರ ಮೇಲೆ ಸಿಟ್ಟು. ಮಗಳು ಹೇಳಿದರೆ ಅದು ಮನೆತನದ ಕಥೆ. ಸೊಸೆ ಹೇಳಿದರೆ ಚಾಡಿ.

ಆದ್ದರಿಂದ ಸಿನಿಮಾ ಮಾಡಿಸಬೇಕು, ಬರೆದವರ ಹೆಸರು ಬದಲಿಸಬೇಕು ಎಂದು ನಿರ್ಧಾರ ಮಾಡಿದೆ.

ನಿರ್ದೇಶನ ಮಾಡಲು ವಿಜಯ ಮೊದಲು ಪ್ರಾಚಿಯನ್ನೇ ಕೇಳಿದ, ಅವಳಿಗೆ ಕಥೆ ಬಾಯಿಪಾಠ ಇತ್ತಲ್ಲ. ಅವಳು ಬೆಂಗಳೂರಿನಿಂದ ಬಂದಳು. ನಮ್ಮ ಪಡಸಾಲೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, "ಅಜ್ಜಿ, ಇದನ್ನ ರಾಜಶ್ರೀ ಅಕ್ಕ ಬರದಾರ. ಅವರ ಹೆಸರು ಇಲ್ಲಂದ್ರ ನಾ ಮಾಡಾಕಿ ಅಲ್ಲ. ಇದು ಕಳವು" ಎಂದಳು.

"ದುಡ್ಡು ಕೊಟ್ಟು ಕಳವು ಮಾಡ್ತಾರೇನವ್ವಾ?" ಎಂದೆ.

"ಅದ ದೊಡ್ಡ ಕಳವು ಅಜ್ಜಿ."

"ಹಂಗಾರ ಚಾ ಕುಡದು ಹೋಗು."

ಚಹಾ ಮುಟ್ಟದೆ ಎದ್ದಳು. ಪದ್ಮರಾಜ ಸೇಟರ ಮಗಳೇ, ಅದೇ ಹಟ, ಸಂಶಯವಿಲ್ಲ. ಬೆಳಗಾವಿ ಕಡೆಯ ಒಬ್ಬ ಧಾರಾವಾಹಿ ಮಾಡುವವನು ಸಿಕ್ಕ. ಅವನಿಗೆ ಹೆಸರಿನ ಚಿಂತೆ ಇಲ್ಲ.

ಪ್ರಾಚಿ ನಿನಗೆ ಇನ್ನೂ ಹೇಳಿಲ್ಲ ಎಂದು ಕಾಣುತ್ತದೆ. ಹೇಳಿದರೆ ಕೋರ್ಟಿಗೆ ಹೋಗು ಎನ್ನುತ್ತಾಳೆ. ನಾನೇ ಮೊದಲು ಹೇಳಿಬಿಡುತ್ತೇನೆ. ನಮ್ಮ ವಕೀಲರನ್ನು ಕೇಳಿದೆ. ಎಷ್ಟೇ ಮಾರಿದರೂ 'ಇದನ್ನು ಬರೆದವಳು ನಾನು' ಎಂದು ಹೇಳುವ ಹಕ್ಕು ಬರೆದವರಿಗೆ ಉಳಿಯುತ್ತದಂತೆ, ನಿನ್ನ ನೋಂದಣಿಯ ಚೀಟಿಯೂ ಕೆಲಸಕ್ಕೆ ಬರುತ್ತದಂತೆ. ಹೋಗು. ನ್ಯಾಯಾಧೀಶರ ಮುಂದೆ ನಿಂತು, ಆ ಪರಾತದಲ್ಲಿ ಉಂಡವಳು ನಾನೇ, ಆ ಗಂಡ ಇವನೇ, ಆ ಅತ್ತೆ ಇವಳೇ ಎಂದು ಮೂರು ತಾಲೂಕಿನ ಜನ ಕೇಳುವಂತೆ ಹೇಳು. ಎದುರಿಗೆ ಗೌರೀಶ ನಿಲ್ಲುತ್ತಾನೆ. ನಮ್ಮ ಮನೆಯಲ್ಲಿ ಅವಳಿಗೆ ಬೆಳ್ಳಿಯ ತಾಟು ಇತ್ತು ಎನ್ನುತ್ತಾನೆ. ನಾನು ಹೇಳು ಎಂದರೆ ಹೇಳುತ್ತಾನೆ, ಅದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಅವನಿಗೆ ಒಂದೇ ಮಾತು ಬರೆದವಳು ನೀನು.

ಹೋಗುವುದಿಲ್ಲ ಎಂದು ನನಗೆ ಅನಿಸುತ್ತದೆ. ಹೋದರೂ ನನಗೆ ನಷ್ಟವಿಲ್ಲ, ತಿರುಗಿ ಬರಲು ನಿನಗೆ ಮನೆ ಇರುವುದಿಲ್ಲ, ಅಷ್ಟೇ.

ಚಿತ್ರೀಕರಣ ನಮ್ಮ ಅಡುಗೆಮನೆಯಲ್ಲಿಯೇ ನಡೆದಿದೆ. ಬೇರೆ ಮನೆ ಹುಡುಕಿದರು, ನೀನು ಬರೆದಂಥ ಬೆಳಕು ಎಲ್ಲಿಯೂ ಸಿಗಲಿಲ್ಲವಂತೆ. ಒಲೆಯ ಮೇಲಿನ ಕಿಟಕಿಯಿಂದ ಬೀಳುವ ಬಿಸಿಲನ್ನು ನೀನು ಬರೆದ ಜಾಗದಲ್ಲೇ, ಬರೆದ ಹೊತ್ತಿಗೇ ಹಿಡಿಯುತ್ತಿದ್ದಾರೆ. ನಿನ್ನ ಪಾತ್ರದ ಹುಡುಗಿ ಮೈಸೂರು ಕಡೆಯವಳು, ಅವಳಿಗೆ ರೊಟ್ಟಿ ಬಡಿಯಲು ಬರುವುದಿಲ್ಲ. ನಾನು ಹೇಳಿಕೊಟ್ಟೆ. ನಿನಗಿಂತ ಬೇಗ ಕಲಿತಳು. ನೀನು ಬರೆದ ಮಾತು ಒಂದೂ ಬದಲಾಗಿಲ್ಲ. ಬದಲಿಸುತ್ತೇನೆ ಎಂದ ಆ ಧಾರಾವಾಹಿಯವನಿಗೆ, ಕೊಂಡ ಮಾಲನ್ನು ಕೆಡಿಸುವುದು ನಮ್ಮ ಪದ್ಧತಿಯಲ್ಲ ಎಂದು ನಾನೇ ಬೈದೆ.

ನೀನು ಕೆಲಸ ಮುಗಿಯುವವರೆಗೆ ಬೀಳಗಿಯಲ್ಲೇ ಇರು. ಇಲ್ಲಿ ತಂತಿ, ದೀಪ, ಜನ. ಕಾಲಿಡಲು ಜಾಗ ಇಲ್ಲ. ಎಲ್ಲ ಎತ್ತಿಕೊಂಡು ಹೋದ ಮೇಲೆ ಗೌರೀಶನನ್ನು ಕಳಿಸುತ್ತೇನೆ. ಆಗ ಬಾ. ಅಡುಗೆಮನೆಗೆ ಸುಣ್ಣ ಹಚ್ಚಿಸಬೇಕು, ನೀನೇ ನಿಂತು ಮಾಡಿಸು.

ಇನ್ನೊಂದು ಕಥೆ ಬರೆಯುತ್ತೇನೆ ಎಂದು ಎದ್ದರೆ ಒಂದು ನೆನಪಿಡು. ಈ ಅತ್ತೆ, ಈ ಸೊಸೆ, ಈ ಮನೆ ನೀನು ಮಾರಿದ ಮಾಲು. ನಿನ್ನದೇ ಬದುಕಾದರೂ ಅದನ್ನು ಮತ್ತೆ ಬರೆದರೆ ನನ್ನ ಗೋದಾಮಿಗೆ ಕೈ ಹಾಕಿದಂತೆ. ಬೇರೆ ಏನಾದರೂ ನಿನ್ನ ಹತ್ತಿರ ಇದ್ದರೆ ಬರೆ.

ಮುಹೂರ್ತ ಕಡೆಯ ಕಾರ್ತಿಕ ಸೋಮವಾರ ಆಯಿತು. ಮಠದ ಅಯ್ಯನವರು ಬಂದಿದ್ದರು, ಪೇಟೆಯ ಹಿರಿಯರೆಲ್ಲ ಬಂದಿದ್ದರು. ಮುಧೋಳದಿಂದ ನನ್ನ ಮಗಳು ಶೈಲಾ ಗಂಡನ ಜೊತೆ ಬಂದಳು. ಅವಳೇ ಕಾಯಿ ಒಡೆದು ಕ್ಯಾಮೆರಾಕ್ಕೆ ಆರತಿ ಮಾಡಿದಳು. ಬಾಗಿಲ ಮೇಲೆ ಕಟ್ಟಿದ ಬ್ಯಾನರಿನಲ್ಲಿ 'ಆರನೇ ತಾಟು' ಎಂದು ದೊಡ್ಡದಾಗಿ ಬರೆಸಿ, ಅದರ ಕೆಳಗೆ, ಕಥೆ, ಚಿತ್ರಕಥೆ, ಸಂಭಾಷಣೆ: ಶೈಲಾ ಚನಮಲ್ಲಪ್ಪ ಎಂದು ಬರೆಸಿದ್ದೇನೆ. ಪತ್ರಿಕೆಯಲ್ಲಿಯೂ ಹಾಗೆಯೇ ಬಂದಿದೆ.

ಇಂತಿ,
ಇಂದ್ರವ್ವ
(ಚನಮಲ್ಲಪ್ಪ ಸಾಹುಕಾರರ ಮನೆತನ)

ತಾ.ಕ.: ಶೈಲಾಳಿಗೆ ಒಂದು ತೊಂದರೆ ಬಂದಿದೆ. ಕಡೆಯ ದೃಶ್ಯದ ಬಗ್ಗೆ ಯಾರಾದರೂ ಕೇಳಿದರೆ ಹೇಳಲು ಅವಳಿಗೆ ತಿಳಿಯುವುದಿಲ್ಲ. ಅತ್ತೆ ಸತ್ತಿದ್ದಾಳೆ, ನಮ್ಮ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂಡಿಸಿದ್ದಾರೆ, ಎಲ್ಲರೂ ಅಳುತ್ತಾರೆ. ಸೊಸೆ ಬಂದು ಒದ್ದೆ ಬಟ್ಟೆಯಿಂದ ಅತ್ತೆಯ ಎರಡೂ ಪಾದ ಒರೆಸುತ್ತಾಳೆ, ಬೆರಳಿನ ಸಂದಿಯನ್ನೂ ಒರೆಸುತ್ತಾಳೆ, ಎದ್ದು ಹೋಗುತ್ತಾಳೆ. ಅಳುವುದಿಲ್ಲ. ನೀನು ಅಲ್ಲಿ ಮಾತೂ ಬರೆದಿಲ್ಲ, ಮುಖ ಹೇಗಿರಬೇಕೆಂದೂ ಬರೆದಿಲ್ಲ. ಅದು ಸಿಟ್ಟೋ, ಹಗುರಾದದ್ದೋ, ಅಥವಾ ಮತ್ತೇನಾದರೂ ಇದೆಯೋ? ಆ ನಟಿಯೂ ಕೇಳುತ್ತಿದ್ದಾಳೆ, ಮುಂದಿನ ವಾರ ಅದನ್ನು ತೆಗೆಯುತ್ತಾರೆ. ಎರಡು ಸಾಲು ಬರೆದು ಕಳಿಸು. ವಿಜಯನಿಗೂ ಶೈಲಾಳಿಗೂ ಕಳಿಸುವುದು ಬೇಡ. ನನ್ನ ಹೆಸರಿಗೇ ಬರೆ, ಲಕೋಟೆ ಅಂಟಿಸಿ ಕಳಿಸು. ನಾನೇ ಒಡೆಯುತ್ತೇನೆ.